ಕುರಾಮೋಚಿಯವರಿಗೆ ಬಿಸಿ ಮುಟ್ಟಿದ್ದು

"ಈ ಸಲ ಜಾಗ ಆರಿಸೋನು ನಾನು!" ಎಂದು ಕುರಾಮೋಚಿ ತದಾಓಮಿಯವರು ಬೆಳಗಿನ ಊಟದ ನಡುವೆ ಚಾಪ್‌ಸ್ಟಿಕ್ಕುಗಳನ್ನು ಕೆಳಗಿಟ್ಟು ಘೋಷಿಸಿದರು. ಸೇನಾಪತಿ ತನ್ನನ್ನು ತಾನೇ ನೇಮಿಸಿಕೊಂಡ ಹಾಗಿತ್ತು ಆ ದನಿ. "ಬೇರೆ ಯಾರಾದ್ರೂ ಆರಿಸಿದ್ರೆ ಮೋಸ ಹೋಗ್ತಾರೆ. ನನಗೆ ಮೋಸ ಮಾಡೋ ಬಿಸಿನೀರು ಈ ದೇಶದ ನೆಲದಿಂದ ಇನ್ನೂ ಉಕ್ಕಿಲ್ಲ!"

ಈ ಜಂಬಕ್ಕೆ ಆಧಾರವಿತ್ತು. ನಗರದ ನೀರು ಸರಬರಾಜು ಕಚೇರಿಯ ಪ್ರಯೋಗಾಲಯದಲ್ಲಿ ಮೂವತ್ತನಾಲ್ಕು ವರ್ಷ ನೀರನ್ನು ಮೂಸಿ, ಅಲ್ಲಾಡಿಸಿ, ಬೆಳಕಿಗೆ ಹಿಡಿದು ನೋಡಿ ನಿವೃತ್ತರಾದವರು ಅವರು. ಮದುವೆ ಮನೆಗೆ ಹೋದರೂ ಮೊದಲು ಲೋಟದ ನೀರು ನೋಡುತ್ತಿದ್ದರು, ಆಮೇಲೆ ಮದುಮಗಳನ್ನು.

ಬಿಸಿನೀರಿನ ಬುಗ್ಗೆಗೆ ಪ್ರವಾಸ ಹೋಗುವ ಮಾತು ಎದ್ದದ್ದು ಹೀಗೆ. ಮನೆಯಲ್ಲಿ ತೊಂಬತ್ತೊಂದು ವರ್ಷದ ತಾಯಿ ತೋಮೆ ಹಾಸಿಗೆ ಹಿಡಿದಿದ್ದರು. ಜನರ ಗುರುತು ಆಗಾಗ ಕಲಸಿಹೋಗುತ್ತಿದ್ದರೂ ಗಂಜಿಗೆ ಉಪ್ಪು ಒಂದು ಹರಳು ಹೆಚ್ಚಾದರೆ ಮಾತ್ರ ತಪ್ಪದೆ ಹೇಳುವ ಮುದುಕಿ. ಒಂಬತ್ತು ವರ್ಷಗಳಿಂದ ಆಕೆಗೆ ಉಣಿಸಿ, ಮೀಯಿಸಿ, ಮಗ್ಗುಲು ಬದಲಿಸುತ್ತಿದ್ದವರು ಸೊಸೆ ಮಿಸಾವೊ. ಕುರಾಮೋಚಿಯವರು ತಾಯಿಯ ಸೇವೆ ಮಾಡುತ್ತಿರಲಿಲ್ಲ ಎಂದಲ್ಲ. ದಿನಕ್ಕೆರಡು ಸಲ ಕೋಣೆಯ ಬಾಗಿಲಲ್ಲಿ ನಿಂತು "ಹೇಗಿದ್ದೀಯಮ್ಮ?" ಎಂದು ಕೇಳುತ್ತಿದ್ದರು. ಉತ್ತರಕ್ಕೆ ನಿಲ್ಲುತ್ತಿರಲಿಲ್ಲ, ಅಷ್ಟೇ.

ಹೋದ ವಾರ ವೃದ್ಧರ ಆರೈಕೆ ಕೇಂದ್ರದಿಂದ ಫೋನ್ ಬಂದಿತ್ತು. ನವೆಂಬರ್ ಮೊದಲ ವಾರ ಮೂರು ದಿನಕ್ಕೆ ಒಂದು ಹಾಸಿಗೆ ಖಾಲಿ ಇದೆ, ಅಜ್ಜಿಯನ್ನು ಕಳಿಸಬಹುದು ಎಂದು. ಮೂರು ದಿನ! ಒಂಬತ್ತು ವರ್ಷದಲ್ಲಿ ಮೊದಲ ಸಲ! ಮಿಸಾವೊ ಫೋನ್ ಇಟ್ಟ ಮೇಲೂ ಐದು ನಿಮಿಷ ಅದರ ಮುಂದೆಯೇ ನಿಂತಿದ್ದರು.

"ರೀ, ನನಗೆ ಎರಡೇ ಆಸೆ," ಎಂದರು ಈಗ. "ಆ ಮೂರು ದಿನ ನಾನು ಒಲೆ ಮುಂದೆ ನಿಲ್ಲಬಾರದು. ಈ ಮಂಡಿನೋವು ಒಂಚೂರು ಇಳೀಬೇಕು. ರೈಲ್ವೆ ಸ್ಟೇಷನ್ ಪಕ್ಕ ಆ ಹನ್ನೆರಡು ಅಂತಸ್ತಿನ ಹೋಟೆಲ್ ಇದೆಯಲ್ಲ, ಅಲ್ಲೇ ಹೋಗೋಣ. ಪಕ್ಕದ ಮನೆಯವರು ಹೋಗಿದ್ರಂತೆ. ಏಡಿ ಎಷ್ಟು ಬೇಕಾದ್ರೂ ಬಡಿಸ್ಕೊಂಡು ತಿನ್ನಬಹುದಂತೆ. ಅದೂ ಕುರ್ಚಿ ಮೇಲೆ ಕೂತು!"

ಕುರಾಮೋಚಿಯವರಿಗೆ ಯಾರೋ ಕೆನ್ನೆಗೆ ಹೊಡೆದಂತಾಯಿತು.

"ಅದೂ ಒಂದು ಬುಗ್ಗೆಯೇನೆ? ಒಂದೇ ನೀರನ್ನ ಪಂಪು ಹಾಕಿ ಸುತ್ತಿಸಿ ಸುತ್ತಿಸಿ ಬಿಡ್ತಾರೆ. ನಿನ್ನೆ ಮಿಂದವನ ಬೆನ್ನು ಇವತ್ತು ನಿನ್ನ ಮಂಡಿಗೆ! ಮೇಲೆ ಕ್ಲೋರಿನ್. ಮೂವತ್ನಾಲ್ಕು ವರ್ಷ ಊರಿಗೆಲ್ಲ ಕ್ಲೋರಿನ್ ಹಾಕಿದವನು ನಾನು. ಈಗ ಟಿಕೆಟ್ ತಗೊಂಡು ಹೋಗಿ ಅದರಲ್ಲೇ ಮುಳುಗಲೇ? ನಮಗೆ ಬೇಕಾದ್ದು ಅಪ್ಪಟ ಹಳೇ ಕಾಲದ ವಸತಿಮನೆ, ರ್ಯೋಕಾನ್. ನೆಲದಿಂದ ನೇರವಾಗಿ ಬಂದ ನೀರು. ತಣ್ಣೀರು ಬೆರೆಸಿರಬಾರದು, ಕಾಯಿಸಿರಬಾರದು, ಮುಟ್ಟಿರಬಾರದು!"

"ಏಡಿ?"

"ಏಡಿ ಸಮುದ್ರದಲ್ಲಿರುತ್ತೆ, ಬೆಟ್ಟದಲ್ಲಲ್ಲ!"

ಮಿಸಾವೊ ಬಟ್ಟಲುಗಳನ್ನು ಎತ್ತಿಕೊಂಡು ಎದ್ದರು. ಎದ್ದಾಗ ಮಂಡಿ ಲಟಕ್ಕೆಂದಿತು. ಸೇನಾಪತಿಗಳಿಗೆ ಅದು ಕೇಳಿಸಲಿಲ್ಲ.

ಮಾರನೆಯ ದಿನದಿಂದ ಆಯ್ಕೆ ಮಹೋತ್ಸವ ಶುರುವಾಯಿತು. ನಲವತ್ತೊಂದು ರ್ಯೋಕಾನ್‌ಗಳ ಒಂದು ಪಟ್ಟಿ ಊಟದ ಮೇಜಿನ ಈ ತುದಿಯಿಂದ ಆ ತುದಿಯವರೆಗೆ ಹಾಸಿಕೊಂಡಿತು. ಮನೆಯವರು ಊಟ ಮಾಡಲು ಪಟ್ಟಿಯ ಅಪ್ಪಣೆ ಕೇಳಬೇಕಾಯಿತು. ಕುರಾಮೋಚಿಯವರು ಕೆಂಪು ಪೆನ್ಸಿಲ್ ಹಿಡಿದು ಒಂದೊಂದನ್ನೇ ಉರುಳಿಸುತ್ತ ಹೋದರು. ಒಂದರ ತೋಟ ಬಹಳ ಚಂದ. ತೋಟ ಚಂದ ಎಂದರೆ ನೀರಿನಲ್ಲೇನೋ ಐಬು ಮುಚ್ಚಿಡುತ್ತಿದ್ದಾರೆ, ಬೇಡ. ಇನ್ನೊಂದು ರಾಜಮನೆತನದವರು ತಂಗಿದ ಜಾಗ. ಅವರು ನೀರು ಪರೀಕ್ಷೆ ಮಾಡುವವರಲ್ಲ, ಬೇಡ. ಮತ್ತೊಂದರ ಹೆಸರಲ್ಲೇ 'ಸ್ವರ್ಗ' ಇತ್ತು. ಅಲ್ಲಿಗೆ ಆತುರವಿಲ್ಲ, ಬೇಡ.

ಉಳಿದವಕ್ಕೆ ಫೋನ್ ಮಾಡಿದರು. ರ್ಯೋಕಾನ್‌ನ ಒಡತಿಯರು ಜೇನಿನಂಥ ದನಿಯಲ್ಲಿ "ಕೋಣೆ ಯಾವ ಕಡೆ ಇರಲಿ, ಹೊಳೆಯ ಕಡೆಗೋ ಬೆಟ್ಟದ ಕಡೆಗೋ?" ಎಂದು ಕೇಳಿದರೆ ಇವರು "ಅದಿರಲಿ, ನಿಮ್ಮ ನೀರಿನ ಪಿಎಚ್ ಎಷ್ಟು?" ಎನ್ನುತ್ತಿದ್ದರು. ಒಬ್ಬ ಒಡತಿ ಫೋನನ್ನು ಗಂಡನಿಗೆ ಕೊಟ್ಟಳು, ಗಂಡ ಅಡುಗೆಯವನಿಗೆ ದಾಟಿಸಿದ. ಅಡುಗೆಯವನು ಬಹಳ ವಿನಯದಿಂದ, "ಆ ಮೀನು ಈ ಕಾಲದಲ್ಲಿ ಬರಲ್ಲ ಸ್ವಾಮಿ. ಏಪ್ರಿಲ್‌ನಲ್ಲಿ ವಿಚಾರಿಸಿ," ಎಂದ.

ಹೋಗಿ ಬಂದವರ ಅಭಿಪ್ರಾಯಗಳನ್ನು ಓದುವುದಕ್ಕೂ ಅವರದೇ ಒಂದು ಸಿದ್ಧಾಂತವಿತ್ತು.

"ಐದು ನಕ್ಷತ್ರ ಕೊಡೋರು ಯಾರು ಹೇಳು ನೋಡೋಣ? ಒಡತಿಯ ತಮ್ಮ. ತಮ್ಮನ ಹೆಂಡತಿ. ಅವಳ ತೌರಿನವರು! ಸತ್ಯ ಅಡಗಿರೋದು ಒಂದು ನಕ್ಷತ್ರದಲ್ಲಿ. ದಡ್ಡ ಬೈದ ಅಂದ್ರೆ ಅಲ್ಲೇನೋ ದೊಡ್ಡದು ಇದೆ ಅಂತ ಅರ್ಥ."

ಹೀಗೆ ಸತ್ಯವನ್ನು ಅಗೆಯುತ್ತ ಅಗೆಯುತ್ತ ಅವರಿಗೆ ಅಕಿತಾ ಬೆಟ್ಟಗಳ ನಡುವಿನ 'ಗೆನ್‌ಗೊರೊ ಬುಗ್ಗೆ' ಸಿಕ್ಕಿತು. ಅದರ ಬಗ್ಗೆ ಅಭಿಪ್ರಾಯ ಬರೆದವರು ಮೂರೇ ಜನ. ಮೂವರೂ ಒಂದೊಂದೇ ನಕ್ಷತ್ರ! ಕುರಾಮೋಚಿಯವರು ಕುರ್ಚಿಯ ತುದಿಗೆ ಸರಿದು ಗಟ್ಟಿಯಾಗಿ ಓದಿದರು.

"'ನೀರು ಕೊಳೆತ ಮೊಟ್ಟೆ ನಾರುತ್ತದೆ.' ಭೇಷ್, ಗಂಧಕ! 'ನೀರು ಸುಡುತ್ತದೆ, ತಣ್ಣೀರು ಬೆರೆಸಲು ಬಿಡಲಿಲ್ಲ.' ಭೇಷ್ ಭೇಷ್! 'ಊಟ ಸ್ವಲ್ಪವೂ ಚೆನ್ನಾಗಿರಲಿಲ್ಲ, ಆದರೆ ಅದಕ್ಕೆ ರ್ಯೋಕಾನ್‌ನವರನ್ನು ದೂರುವಂತಿಲ್ಲ.' ಕೇಳಿದೆಯಾ? ಬೈಯೋಕೆ ಬಂದವನೂ ಅಲ್ಲಿನವರನ್ನ ದೂರಲಾರ! ಎಂಥ ಘನತೆ ಇರಬೇಕು ಆ ಮನೆಗೆ!"

"ಊಟ ಚೆನ್ನಾಗಿಲ್ಲದಿದ್ರೆ ಮತ್ಯಾರನ್ನ ದೂರೋದು?" ಎಂದರು ಮಿಸಾವೊ ಪಾತ್ರೆ ಒರೆಸುತ್ತ.

"ನಿನಗಿದೆಲ್ಲ ಅರ್ಥ ಆಗಲ್ಲ." ಆಗಲೇ ಅವರು ಫೋನ್ ಒತ್ತಿದ್ದರು.

ಅತ್ತ ಕಡೆಯಿಂದ ಬಂದ ದನಿಯಲ್ಲಿ ಜೇನಿರಲಿಲ್ಲ, ಜೇನುನೊಣವಿತ್ತು. "ಹೂಂ?"

"ತಾಯೀ, ನಿಮ್ಮಲ್ಲಿ ನೀರಿಗೆ ಏನಾದ್ರೂ ಬೆರೆಸ್ತೀರಾ?"

"ಬೆರೆಸೋಕೆ ಇದೇನು ಹಾಲೇ? ನಾನೂರು ವರ್ಷದಿಂದ ಉಕ್ತಾ ಇದೆ. ಬರೋದಾದ್ರೆ ಬನ್ನಿ, ಇಲ್ಲಾಂದ್ರೆ ಬಿಡಿ."

ಕುರಾಮೋಚಿಯವರ ಕಣ್ಣಲ್ಲಿ ನೀರೂರಿತು. ಇದು ಅಪ್ಪಟ! ಇಷ್ಟು ಅಹಂಕಾರ ನಕಲಿ ಜಾಗದಲ್ಲಿ ಸಿಕ್ಕೀತೇ?

"ಬರ್ತೀವಿ! ಇಬ್ಬರು, ಎರಡು ರಾತ್ರಿ."

"ಎರಡೇ? ಹೂಂ. ಅಕ್ಕಿ ನಿಮ್ಮದೋ ನಮ್ಮದೋ?"

ಫೋನನ್ನು ಅಂಗೈಯಿಂದ ಮುಚ್ಚಿ ಹೆಂಡತಿಯತ್ತ ತಿರುಗಿದರು. "ನೋಡಿದೆಯಾ! ಯಾವ ಅಕ್ಕಿಯ ಅನ್ನ ಬೇಕು ಅಂತ ಮೊದಲೇ ಕೇಳ್ತಿದ್ದಾರೆ. ಎಂಥ ಉಪಚಾರ!" ಮತ್ತೆ ಫೋನಿಗೆ ಗಂಭೀರವಾಗಿ, "ನಿಮ್ಮದೇ ಆಗಲಿ ತಾಯಿ," ಎಂದರು.

"ಸಾರಿಗೆ ಮಿಸೊ? ಸೋಯಾ ಸಾಸು? ಸೌದೆ?"

"ಎಲ್ಲಾ ನಿಮ್ಮದೇ!"

"ಸರಿ." ಫೋನ್ ಕುಕ್ಕಿದ ಸದ್ದಾಯಿತು.

"ಸೌದೆ ಯಾಕಂತೆ ರೀ?" ಎಂದು ಮಿಸಾವೊ ಕೇಳಿದರು.

"ಕೋಣೆ ಬೆಚ್ಚಗಿಡೋಕೆ ಇರಬೇಕು. ಹಳೇ ಕಾಲದ ಮನೆ ಅಲ್ವೇ!"

ನವೆಂಬರ್ ಐದರ ಬೆಳಿಗ್ಗೆ ತೋಮೆ ಅಜ್ಜಿಯನ್ನು ಕೇಂದ್ರದ ವ್ಯಾನು ಕರೆದುಕೊಂಡು ಹೋಯಿತು. ಗಂಡ ಹೆಂಡತಿ ಎರಡು ರೈಲು ಬದಲಿಸಿ, ದಿನಕ್ಕೆರಡೇ ಸಲ ಬರುವ ಬಸ್ಸು ಹಿಡಿದು, ಮಧ್ಯಾಹ್ನ ಮೂರಕ್ಕೆ ಗೆನ್‌ಗೊರೊ ಬುಗ್ಗೆಯ ಮುಂದೆ ಇಳಿದರು. ಆ ವರ್ಷದ ಮೊದಲ ಹಿಮ ಪುಡಿಪುಡಿಯಾಗಿ ಬೀಳುತ್ತಿತ್ತು. ಒಂದು ಪಕ್ಕಕ್ಕೆ ವಾಲಿದ ಉದ್ದನೆಯ ಮರದ ಮನೆ. ಸುತ್ತ ಎಲ್ಲೆಲ್ಲೂ ಹೊಗೆಯಾಡುವ ಬಂಡೆಗಳು. ಕೊಳೆತ ಮೊಟ್ಟೆಯ ವಾಸನೆ ಬಸ್ಸಿನ ಬಾಗಿಲಲ್ಲೇ ಬಂದು ಅಪ್ಪಿಕೊಂಡಿತು. ಕುರಾಮೋಚಿಯವರು ಮಲ್ಲಿಗೆ ಮೂಸುವವರಂತೆ ಕಣ್ಣು ಮುಚ್ಚಿ ಎಳೆದುಕೊಂಡರು.

ಒಡತಿಯ ಹೆಸರು ಶಿಗೆ. ಎಪ್ಪತ್ತರ ಗಟ್ಟಿ ಹೆಂಗಸು. ರೇಷ್ಮೆ ಕಿಮೊನೊ ಉಟ್ಟು ಮಂಡಿಯೂರಿ ಸ್ವಾಗತಿಸಬೇಕಾದವಳು ರಬ್ಬರ್ ಬೂಟು ಹಾಕಿಕೊಂಡು ಮೂಲಂಗಿ ಹೊರುತ್ತಿದ್ದಳು. ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿ, "ಬನ್ನಿ," ಎಂದು ನಡೆದಳು. ಕೋಣೆಗೆ ಕರೆದೊಯ್ಯಲಿಲ್ಲ. ಹೊಗೆ ಹಿಡಿದು ಕಪ್ಪಾದ ದೊಡ್ಡ ಪಡಸಾಲೆಯೊಂದಕ್ಕೆ ಕರೆದೊಯ್ದಳು.

"ಒಲೆ ಇಲ್ಲಿ. ಸೌದೆ ಅಲ್ಲಿ. ಪಾತ್ರೆ ತೊಳೆದು ಬೋರಲು ಹಾಕಬೇಕು. ಅಕ್ಕಿ ನಮ್ಮದು ಅಂದ್ರಲ್ಲ, ಇಗೋ." ಒಂದು ಚೀಲ ಕುರಾಮೋಚಿಯವರ ತೋಳಿಗೆ ಬಂದು ಬಿತ್ತು. "ಎಂಟರ ಹೊತ್ತಿಗೆ ಬೆಂಕಿ ಆರಿಸಿ."

"ಮತ್ತೆ... ಊಟ?"

"ಅದೇ ಹೇಳ್ತಿದ್ದೀನಲ್ಲ. ಇದು ಹಳೇ ಕಾಲದ ಪದ್ಧತಿ. ಇಲ್ಲಿಗೆ ಬರೋರು ಕಾಯಿಲೆ ಕಳ್ಕೊಳ್ಳೋಕೆ ಬರ್ತಾರೆ. ಅವರವರ ಅಡುಗೆ ಅವರವರು ಮಾಡ್ಕೋತಾರೆ."

ಕುರಾಮೋಚಿಯವರಿಗೆ ಹೆಂಡತಿಯ ಮುಖ ನೋಡುವ ಧೈರ್ಯ ಮಾಡಲು ಸ್ವಲ್ಪ ಹೊತ್ತು ಹಿಡಿಯಿತು. ನೋಡಿದಾಗ ಮಿಸಾವೊ ತಮ್ಮ ಪೆಟ್ಟಿಗೆಯ ಮೇಲೆ ಕೂತಿದ್ದರು. ಭುಜ ಕುಲುಕುತ್ತಿತ್ತು. ಅಳುತ್ತಿದ್ದಾರೋ ನಗುತ್ತಿದ್ದಾರೋ ತಿಳಿಯಲಿಲ್ಲ. ಮೂವತ್ತೆಂಟು ವರ್ಷ ಸಂಸಾರ ಮಾಡಿಯೂ ಅದನ್ನು ಪರೀಕ್ಷಿಸಿ ಹೇಳುವ ಕಾಗದ ಅವರ ಬಳಿ ಇರಲಿಲ್ಲ.

"ಒಂಬತ್ತು ವರ್ಷ ಆದ್ಮೇಲೆ..." ಎಂದರು ಮಿಸಾವೊ ಕಣ್ಣೊರೆಸಿಕೊಳ್ಳುತ್ತ, "ಒಲೆ ಮುಂದೆ ನಿಲ್ಲಬಾರದು ಅಂತ ಒಂದೇ ಒಂದು ಮಾತು ಕೇಳಿದ್ದೆ. ನಲವತ್ತೊಂದರಲ್ಲಿ ಹುಡುಕಿ ಹುಡುಕಿ ಒಲೆಗೇ ತಂದು ನಿಲ್ಲಿಸಿದ್ರಲ್ಲ! ಭೇಷ್ ರೀ!"

"ಮಿಸಾವೊ, ನನಗೆ ಗೊತ್ತಿರಲಿಲ್ಲ..."

"ಪಿಎಚ್ ಗೊತ್ತಿತ್ತಲ್ಲ. ಸಾಕು. ಆರಿಸಿದೋರು ನೀವು, ಅಕ್ಕಿ ಇರೋದೂ ನಿಮ್ಮ ತೋಳಲ್ಲೇ. ಮಾಡಿ."

ಒಲೆಗಳ ಹತ್ತಿರ ಇಬ್ಬರು ಅಜ್ಜಿಯರು ಮೂಲಂಗಿ ಹೆಚ್ಚುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಕೊಯ್ಲು ಮುಗಿಸಿ, ಅಕ್ಕಿ ಉಪ್ಪಿನಕಾಯಿ ಕಟ್ಟಿಕೊಂಡು ವರ್ಷಾವರ್ಷ ಬರುವ ಹಳ್ಳಿಯವರು. ಎಂಬತ್ತೆರಡರ ಹಾತ್ಸುಯೊ, ಆಕೆಗಿಂತ ಮೂರು ವರ್ಷ ಚಿಕ್ಕವಳಾದ ಯೋನೆ. ಗಂಡಸೊಬ್ಬ ಅಕ್ಕಿಚೀಲವನ್ನು ಹಸುಗೂಸಿನಂತೆ ಹಿಡಿದು ನಿಂತದ್ದನ್ನು ಕಂಡು ಅವರ ಮೂಲಂಗಿ ಕೆಲಸ ನಿಂತೇಹೋಗಿತ್ತು.

"ಏನ್ ಯಜಮಾನ್ರೆ, ಅಕ್ಕಿಗೆ ಜೋಗುಳ ಆಡ್ತಿದ್ದೀರಾ?" ಎಂದಳು ಹಾತ್ಸುಯೊ.

ಕುರಾಮೋಚಿಯವರು ಎದೆ ಸೆಟೆಸಿದರು. "ಅಡುಗೆ ಅಂದ್ರೇನು ಅಜ್ಜಿ? ರಸಾಯನಶಾಸ್ತ್ರ! ನೀರು, ಶಾಖ, ಸಮಯ. ಮೂವತ್ನಾಲ್ಕು ವರ್ಷ ಮಾಡಿದ್ದೇ ಅದು. ಒಂದು ಪಾತ್ರೆ ಕೊಡಿ."

ಪಾಪ, ಹಾತ್ಸುಯೊ ಕೊಟ್ಟಳು. ನಲವತ್ತು ವರ್ಷ ಉಜ್ಜಿ ಕನ್ನಡಿ ಮಾಡಿದ್ದ ತಾಮ್ರದ ಪಾತ್ರೆ. ಅತ್ತೆ ಕೊಟ್ಟದ್ದು.

ಎರಡು ನಲ್ಲಿಗಳಿದ್ದವು. ಒಂದರಲ್ಲಿ ಬೆಟ್ಟದ ತಣ್ಣೀರು, ಇನ್ನೊಂದರಲ್ಲಿ ಬುಗ್ಗೆಯ ಬಿಸಿನೀರು. ಎಲ್ಲರೂ ತಣ್ಣೀರಿನಲ್ಲಿ ಅನ್ನ ಮಾಡುತ್ತಿದ್ದರು. ಆದರೆ ಎಲ್ಲರೂ ಮಾಡಿದಂತೆ ಮಾಡಲು ತಜ್ಞರೇಕೆ ಬೇಕು? ನಾನೂರು ವರ್ಷದ ಖನಿಜಾಮೃತ ಧಾರಾಕಾರವಾಗಿ ಹರಿದು ಚರಂಡಿ ಸೇರುತ್ತಿದೆ! ಕುರಾಮೋಚಿಯವರು ಬಿಸಿನೀರಿನ ನಲ್ಲಿಯನ್ನೇ ತಿರುಗಿಸಿದರು.

"ಅಯ್ಯೋ ಅದಲ್ಲ ಕಣಪ್ಪೋ..." ಎಂದು ಯೋನೆ ಬಾಯಿ ತೆರೆದಳು.

"ಅಜ್ಜಿ, ನೀರಿನ ವಿಷಯ ನನಗೆ ಬಿಡಿ."

"ಬುಟ್ಟೆ," ಎಂದು ಯೋನೆ ಬಾಯಿ ಮುಚ್ಚಿದಳು.

ಅರ್ಧ ಗಂಟೆಯಲ್ಲಿ ಪಡಸಾಲೆಯ ತುಂಬ ಎಂಥ ವಾಸನೆ ಎದ್ದಿತೆಂದರೆ ಬುಗ್ಗೆಯ ಪಕ್ಕದಲ್ಲೇ ಹುಟ್ಟಿ ಬೆಳೆದ ಬೆಕ್ಕು ಎದ್ದು ಹಿಮದೊಳಕ್ಕೆ ನಡೆಯಿತು. ಮುಚ್ಚಳ ತೆಗೆದರೆ ಅನ್ನ ಬೂದಿ ಬಣ್ಣ. ತುಳುಕಿದ ನೀರು ಹರಿದಲ್ಲೆಲ್ಲ ತಾಮ್ರ ಕಾಡಿಗೆಯಂತೆ ಕರ್ರಗೆ! ಗಂಧಕ ತಾಮ್ರವನ್ನು ಕಪ್ಪು ಮಾಡುತ್ತದೆ ಎಂದು ಮೂವತ್ತನಾಲ್ಕು ವರ್ಷ ಹೊಸಬರಿಗೆಲ್ಲ ಪಾಠ ಹೇಳಿದವರು ಅವರೇ.

ಹಾತ್ಸುಯೊ ಪಾತ್ರೆಯನ್ನು ಎತ್ತಿ, ತಿರುಗಿಸಿ, ನಿಟ್ಟುಸಿರು ಬಿಟ್ಟಳು. "ನಮ್ಮತ್ತೆ ಬದುಕಿದ್ದಿದ್ರೆ ನಿಮ್ಮನ್ನೂ ಇದ್ರೊಳಗೇ ಬೇಯಿಸ್ತಿದ್ಲು." ಬೂದಿ, ಉಪ್ಪು, ಉಜ್ಜಲು ತೆಂಗಿನ ನಾರು ತಂದು ಅವರ ಮುಂದೆ ಇಟ್ಟಳು. "ಕೂತ್ಕಳಿ. ಮುಖ ಕಾಣೋಗಂಟ ಉಜ್ಜಿ." ಆಮೇಲೆ ಮಿಸಾವೊ ಕಡೆ ತಿರುಗಿದಳು. ದನಿಯೇ ಬೇರೆಯಾಯಿತು. "ನೀ ಬಾ ಮಗಳೇ. ಹೊಟ್ಟೆ ಹಸ್ದಿರಬೇಕು. ನಮ್ಮ ಗದ್ದೆ ಹೊಸಕ್ಕಿ, ಅಣಬೆ ಹಾಕಿ ಸಾರು ಮಾಡಿವ್ನಿ. ಯಾರಾದ್ರೂ ಬಡಿಸಿ ಎಷ್ಟು ದಿನ ಆಯ್ತು ನಿಂಗೆ?"

ಮಿಸಾವೊ ಬೆರಳು ಮಡಿಸಿ ಲೆಕ್ಕ ಹಾಕತೊಡಗಿದರು, ಬೆರಳು ಸಾಲಲಿಲ್ಲ. ಬಟ್ಟಲು ಕೈಗೆ ಬಂದಾಗ ಎರಡು ಕೈಯಲ್ಲೂ ಹಿಡಿದು ಅದರ ಹಬೆಯನ್ನೇ ನೋಡುತ್ತ ಕೂತರು. ಕುರಾಮೋಚಿಯವರು ಪಾತ್ರೆ ಉಜ್ಜುತ್ತಿದ್ದರು. ಅವರಿಗೂ ಒಂದು ಬಟ್ಟಲು ಸಿಕ್ಕಿತು, ಕೊನೆಯಲ್ಲಿ, ಬೆಕ್ಕು ವಾಪಸು ಬಂದ ಮೇಲೆ.

ಮಾರನೆಯ ದಿನ ಅವರು ಮಾನ ಉಳಿಸಿಕೊಳ್ಳಲು ನಿರ್ಧರಿಸಿದರು. ಅಡುಗೆ ಹೋದರೆ ಹೋಗಲಿ. ತಾವು ಆರಿಸಿದ್ದು ನೀರಿಗಾಗಿ. ನೀರಿನಲ್ಲೇ ಗೆಲ್ಲಬೇಕು! ಥರ್ಮಾಮೀಟರ್, ಪರೀಕ್ಷೆಯ ಕಾಗದ, ನೋಟುಪುಸ್ತಕ ಹಿಡಿದು ಗಂಡಸರ ಸ್ನಾನದ ಮನೆಗೆ ಹೋದರು. ಗೋಡೆಯ ಮೇಲೆ ಶಿಗೆಯ ಕೈಬರಹದ ಹಲಗೆ: 'ಮೂರು ನಿಮಿಷ. ಹೇಳಿದ್ದೇವೆ.' ನೀರು ನಲವತ್ತೇಳು ಡಿಗ್ರಿ. ಹಾಲಿನ ಬಣ್ಣ. ಕಾಲಿಟ್ಟೊಡನೆ ಜೀವ ನೆತ್ತಿಗೆ ಹೋಯಿತು. ಆದರೂ ಇಳಿದರು. ಮೂರು ನಿಮಿಷ ಸಾಮಾನ್ಯರಿಗೆ, ತಜ್ಞರಿಗೆ ಇಪ್ಪತ್ತು!

ಹನ್ನೊಂದನೆಯ ನಿಮಿಷದಲ್ಲಿ ನೋಟುಪುಸ್ತಕದ ಅಕ್ಷರಗಳು ಇರುವೆಗಳಾಗಿ ಎದ್ದು ನಡೆದವು. ಹದಿಮೂರನೆಯದರಲ್ಲಿ ಅವರೂ ಎದ್ದು ನಡೆದರು. ಸ್ನಾನದ ನಿಲುವಂಗಿ ಯುಕಾತಾ ಸುತ್ತಿಕೊಂಡದ್ದು ನೆನಪಿದೆ. ಸರಿಯಾಗಿ ಸುತ್ತಿಕೊಂಡರೇ ಎಂಬುದು ನೆನಪಿಲ್ಲ. ಮನೆಯೊಳಗಿನ ಓಣಿಯ ನಡುವೆ, ಬೆಂದ ಆಕ್ಟೋಪಸ್‌ನ ಬಣ್ಣದಲ್ಲಿ, ಆಕ್ಟೋಪಸ್‌ನ ಹಾಗೆಯೇ ಎಲ್ಲ ದಿಕ್ಕಿಗೂ ಕೈಕಾಲು ಚಾಚಿ ಬಿದ್ದರು.

ಹೆಂಗಸರ ಸ್ನಾನದ ಮನೆಯಿಂದ ಬರುತ್ತಿದ್ದ ಮಿಸಾವೊ, ಅಜ್ಜಿಯರು ಮೂವರೂ ಓಡಿಬಂದರು. ಹಾಸಿಗೆಯೊಂದರ ಮೇಲೆ ಉರುಳಿಸಿ, ನಾಲ್ಕು ಮೂಲೆ ಹಿಡಿದು ಎಳೆದರು. ನಾಲ್ಕನೆಯ ಮೂಲೆಗೆ ಬೂಟು ಹಾಕಿದ ಶಿಗೆ ಬಂದಳು.

"ಪಿಎಚ್... ಎರಡು ಪಾಯಿಂಟು..." ಎಂದು ಕನವರಿಸಿದರು ಕುರಾಮೋಚಿಯವರು.

"ಭತ್ತದ ಮೂಟೆನೇ ವಾಸಿ ಕಣಕ್ಕ," ಎಂದಳು ಯೋನೆ ಏದುಸಿರು ಬಿಡುತ್ತ. "ತೂಕ ಇಷ್ಟೇ. ಆದ್ರೆ ಮಾತಾಡಾಕಿಲ್ಲ."

ಸಂಜೆಯವರೆಗೆ ಅವರು ಹಣೆಯ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ಮಲಗಿದ್ದರು. ಗೋಡೆಯಾಚೆಯಿಂದ ಹೆಂಗಸರ ನಗು ಕೇಳುತ್ತಿತ್ತು. ಒಂದು ನಗು ಯಾರದೆಂದು ಬಹಳ ಹೊತ್ತು ಗುರುತೇ ಸಿಗಲಿಲ್ಲ. ಆಮೇಲೆ ಹೊಳೆಯಿತು: ಮಿಸಾವೊ! ಈ ದನಿಯಲ್ಲಿ ಆಕೆ ನಕ್ಕದ್ದನ್ನು ಕೊನೆಯ ಸಲ ಕೇಳಿದ್ದು ಯಾವಾಗ? ಎಷ್ಟು ಹಿಂದಕ್ಕೆ ಹೋದರೂ ಉತ್ತರ ಸಿಗಲಿಲ್ಲ. ತಲೆಸುತ್ತು ಜಾಸ್ತಿಯಾಯಿತು. ಅದರ ತಪ್ಪನ್ನು ನೀರಿನ ಮೇಲೆ ಹಾಕಿ ಕಣ್ಣು ಮುಚ್ಚಿದರು.

ಮೂರನೆಯ ಬೆಳಿಗ್ಗೆ ಹೊರಡುವ ಹೊತ್ತಿಗೆ ಅವರ ಗತ್ತು ಅರ್ಧ ವಾಪಸು ಬಂದಿತ್ತು. ಪೆಟ್ಟಿಗೆ ಕಟ್ಟಿ, ಬೂಟು ಹಾಕಿ, ಬಾಗಿಲಲ್ಲಿ ನಿಂತು ಕೂಗಿದರು. "ಮಿಸಾವೊ! ಬಸ್ಸು ಬರೋ ಹೊತ್ತಾಯ್ತು!"

ಮಿಸಾವೊ ಬಂದರು. ಯುಕಾತಾದಲ್ಲೇ ಇದ್ದರು, ಮೇಲೊಂದು ದಪ್ಪ ಅಂಗಿ. ಹೆಗಲ ಮೇಲೆ ಟವೆಲ್ಲು. ಕೆನ್ನೆ ಕೆಂಪಗಿತ್ತು. ಗಂಡನ ಮುಂದೆ ನಿಂತು, ಕುಕ್ಕರಗಾಲಲ್ಲಿ ಕೂತು ಎದ್ದರು. ಮತ್ತೆ ಕೂತು ಎದ್ದರು.

"ಸದ್ದು ಕೇಳಿಸ್ತಾ?"

"ಏನು ಸದ್ದು?"

"ಮಂಡಿದು. ಇಲ್ವಲ್ಲ! ಎರಡೇ ದಿನಕ್ಕೆ ರೀ! ನೀರು ಅಂದ್ರೆ ನೀರು. ಈ ವಿಷಯದಲ್ಲಿ ನಿಮ್ಮನ್ನ ಮೀರಿಸೋರಿಲ್ಲ."

ಕುರಾಮೋಚಿಯವರು ಉಬ್ಬಿದರು. ಮೂರು ದಿನದಲ್ಲಿ ಮೊದಲ ಹೊಗಳಿಕೆ! "ಹೇಳಲಿಲ್ವೇ ನಾನು? ಏಡಿ ತಿನ್ನೋಕೆ ಹೋಗಿದ್ರೆ ಸಿಕ್ತಿತ್ತೇ ಇದು?"

"ಸಿಕ್ತಿರಲಿಲ್ಲ. ಅದಕ್ಕೇ ಶಿಗೆ ಅಮ್ಮನವರು ಹೇಳ್ತಿದ್ದಾರೆ, ಎರಡು ದಿನಕ್ಕೆ ಬಿಟ್ಟುಹೋದ್ರೆ ಪ್ರಯೋಜನ ಇಲ್ವಂತೆ. ಏಳು ದಿನಕ್ಕೆ ಒಂದು ಸುತ್ತಂತೆ. ಮೂರು ಸುತ್ತು ಆದ್ರೆ ಮಂಡಿ ಪೂರ್ತಿ ವಾಸಿಯಂತೆ. ಹಾತ್ಸುಯೊ ಅಕ್ಕನೂ ಯೋನೆ ಅಕ್ಕನೂ ಅಲ್ಲೀವರೆಗೂ ಇರ್ತಾರೆ. ನನಗೂ ಸೇರಿಸಿ ಅಡುಗೆ ಮಾಡ್ತಾರಂತೆ."

ಉಬ್ಬಿದ್ದು ನಿಧಾನವಾಗಿ ಇಳಿಯಿತು. "ಮೂರು ಸುತ್ತು ಅಂದ್ರೆ... ಇಪ್ಪತ್ತೊಂದು ದಿನ?"

"ಎರಡು ದಿನ ಆಗಿದೆ. ಹತ್ತೊಂಬತ್ತು."

"ಅಮ್ಮ? ಇವತ್ತು ಸಂಜೆ ನಾಲ್ಕಕ್ಕೆ ವ್ಯಾನು ಅಮ್ಮನ್ನ ಬಿಟ್ಟುಹೋಗುತ್ತೆ!"

"ಹೌದು. ನಾಲ್ಕರೊಳಗೆ ಮನೆ ಸೇರ್ಕೊಳ್ಳಿ, ಬಾಗಿಲಲ್ಲಿ ಕಾಯಿಸಬೇಡಿ. ಚಳಿ."

"ಅಲ್ಲ ಮಿಸಾವೊ, ನನಗೆ ಅದೆಲ್ಲ ಬರಲ್ಲ! ಗಂಜಿ, ಸ್ನಾನ, ಮಗ್ಗುಲು... ಅಮ್ಮನಿಗೆ ಏನು ಬೇಕು ಅಂತಲೇ ನನಗೆ ಗೊತ್ತಿಲ್ಲ!"

ಮಿಸಾವೊ ಟವೆಲ್ಲನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡರು. ಸಿಟ್ಟಿನ ಗುರುತೂ ಇರಲಿಲ್ಲ ಮುಖದಲ್ಲಿ. ಸಿಟ್ಟಿದ್ದಿದ್ದರೆ ಕುರಾಮೋಚಿಯವರಿಗೆ ಬಸ್ಸು ಹತ್ತುವುದು ಸುಲಭವಾಗುತ್ತಿತ್ತು.

"ಅವರು ನಿಮ್ಮಮ್ಮ ರೀ. ಒಂಬತ್ತು ವರ್ಷದ ಹಿಂದೆ ನನಗೂ ಗೊತ್ತಿರಲಿಲ್ಲ. ಕೇಳಿ, ಹೇಳ್ತಾರೆ. ಆದ್ರೆ ಉತ್ತರ ಬರೋವರೆಗೂ ನಿಂತಿರಬೇಕು, ಅಷ್ಟೇ."

ಒಳಗಿನಿಂದ ಹಾತ್ಸುಯೊ ಕೂಗಿದಳು. "ಮಗಳೇ, ಸಾರು ಆರ್ತದೆ!"

"ಬಂದೆ ಅಕ್ಕಾ!" ಮಿಸಾವೊ ತಿರುಗಿ, ಓಣಿಯಲ್ಲಿ ಚಿಕ್ಕ ಹುಡುಗಿಯಂತೆ ನಡೆದುಹೋದರು. ಮಂಡಿಯ ಸದ್ದಿಲ್ಲ. ಬಸ್ಸಿನ ಹಾರ್ನು ಮಾತ್ರ ಕೇಳಿಸಿತು.

ವ್ಯಾನು ನಾಲ್ಕಕ್ಕೆ ಬಂತು. ಕುರಾಮೋಚಿಯವರು ಮೂರೂ ಐವತ್ತಕ್ಕೆ ಬಂದಿದ್ದರು. ತಾಯಿಯನ್ನು ಹಾಸಿಗೆಗೆ ಸೇರಿಸುವಷ್ಟರಲ್ಲಿ ಮೊಣಕೈ ಗೋಡೆಗೆ ಬಡಿಯಿತು, ಕನ್ನಡಕ ಬಿತ್ತು, ದಿಂಬು ಕಾಲ ಕಡೆ ಹೋಯಿತು. ಆಮೇಲೆ ಗಂಜಿ. ನಲ್ಲಿಯ ನೀರು ಹಿಡಿದರು, ತಾವೇ ಮೂವತ್ತನಾಲ್ಕು ವರ್ಷ ಕಾಪಾಡಿದ ನೀರು. ಅಳತೆ ಮಾಡಿದರು, ಗಡಿಯಾರ ನೋಡಿದರು, ಮೂರು ಸಲ ಉಕ್ಕಿಸಿದರು. ಬೆಂದದ್ದು ತಳಕ್ಕೆ ಅಂಟಿತು, ಅಂಟದ್ದು ಬೇಯಲಿಲ್ಲ. ಬೆಂದದ್ದಕ್ಕೂ ಬೇಯದ್ದಕ್ಕೂ ನಡುವಿನದನ್ನು ಬಟ್ಟಲಿಗೆ ಹಾಕಿ, ಮೇಲೊಂದು ಉಪ್ಪಿನ ಉಮೆಬೊಶಿ ಹಣ್ಣಿಟ್ಟು, ಆರು ಗಂಟೆಗೆ ತಾಯಿಯ ಹಾಸಿಗೆಯ ಪಕ್ಕ ಕೂತರು. ಆ ಕೋಣೆಯಲ್ಲಿ ಅವರು ಕೂತದ್ದು ಅದೇ ಮೊದಲು.

ತೋಮೆ ಒಂದು ಚಮಚ ಬಾಯಿಗೆ ತೆಗೆದುಕೊಂಡರು. ಬಹಳ ಹೊತ್ತು ಅಗಿದರು. ಗಂಜಿಯನ್ನು ಅಗಿಯಬೇಕಾಗಿ ಬಂದದ್ದಕ್ಕೆ ಅವರಿಗೂ ಆಶ್ಚರ್ಯವಾದಂತಿತ್ತು.

"ಹೇಗಿದೆಯಮ್ಮ?" ಎಂದು ಕೇಳಿ, ಕುರಾಮೋಚಿಯವರು ಈ ಸಲ ಕಾದರು.

ತಾಯಿ ಅವರನ್ನು ದಿಟ್ಟಿಸಿ ನೋಡಿದರು. "ಹೊಸಬನಾ ನೀನು?"

"ಅಮ್ಮಾ, ನಾನು. ತದಾಓಮಿ. ನಿನ್ನ ಮಗ."

"ಸುಳ್ಳು ಹೇಳಬೇಡ. ನನ್ನ ಮಗ ಆಫೀಸಿಗೆ ಹೋಗಿದ್ದಾನೆ. ಬಾಗಿಲಲ್ಲಿ ನಿಂತು ಹೋಗ್ತಾನೆ, ಒಳಗೆ ಬರೋನಲ್ಲ." ಸುತ್ತಲೂ ನೋಡಿದರು. "ಆ ಹೆಂಗಸೆಲ್ಲಿ? ದಿನಾ ಬರ್ತಿದ್ಲಲ್ಲ, ಮೆತ್ತನೆ ಕೈ ಇರೋಳು?"

"ರಜಾ ಹಾಕಿದ್ದಾಳೆ ಅಮ್ಮ. ಮೂರು ವಾರ."

"ಹಾಕ್ಲಿ ಬಿಡು ಪಾಪ. ಒಂದಿನ ರಜಾ ಹಾಕಿದೋಳಲ್ಲ." ಇನ್ನೊಂದು ಚಮಚಕ್ಕೆ ಬಾಯಿ ತೆರೆದರು, ಬಟ್ಟಲೊಳಗೆ ನೋಡಿದರು, ಬಾಯಿ ಮುಚ್ಚಿದರು. ಹಬೆಗೆ ಕುರಾಮೋಚಿಯವರ ಕನ್ನಡಕ ಮಂಜಾಗಿತ್ತು. ಹಬೆ ಎಂದೇ ಇಟ್ಟುಕೊಳ್ಳೋಣ. ಅದನ್ನು ಕಂಡು ಮುದುಕಿಗೆ ಕನಿಕರ ಬಂತು. ಮೂಳೆಯಂಥ ಕೈಯನ್ನು ಹೊರಗೆ ಚಾಚಿ ಅವರ ತೋಳು ತಟ್ಟಿದರು.

"ಅಳಬೇಡಪ್ಪ. ನಿಂದೇನೂ ತಪ್ಪಿಲ್ಲ. ಈ ಕೆಲಸಕ್ಕೆ ನಿನ್ನನ್ನ ಆರಿಸಿದ್ದಾನಲ್ಲ, ಅವನಿಗೆ ಬುದ್ಧಿ ಇಲ್ಲ!"